ಹಿಡಿ ಜೋಳದ ಅಕ್ಕೋರು

ಅಕ್ಕೋರು ತೀರಿಕೊಂಡರೆಂಬ ಸುದ್ದಿ ಹುಕ್ಕೇರಿಯಿಂದ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಆಚೆ ಸರಿಸಿದ್ದು. ಯೋಚಿಸಿ ಮಾಡಿದ್ದಲ್ಲ. ಅವರ ಸುದ್ದಿ ಯಾರ ಬಾಯಿಂದ ಬಂದರೂ ನನ್ನ ಕೈ ತಾನಾಗಿ ಹಾಗೆ ಮಾಡುತ್ತದೆ. ಬ್ಯಾಂಕಿನ ಮೆಟ್ಟಿಲು ಹತ್ತಿ ಬಂದವರೇ ಅವರು ಮಡಚಿದ ಛತ್ರಿಯನ್ನು ನನ್ನ ಮೇಜಿನ ಮೇಲೆ ಅಡ್ಡಡ್ಡ ಇಡುತ್ತಿದ್ದರು. ಒಮ್ಮೆ ಛತ್ರಿಯ ತುದಿ ತಾಗಿ ಮಸಿ ಚೆಲ್ಲಿ ನನ್ನ ಹೊಸ ಧೋತರ ಹಾಳಾಯಿತು. ‘ಮಸಿ ಅಲ್ಲಿ ಯಾಕ ಇಟ್ಟಿದ್ರಿ?’ ಎಂದು ನನ್ನನ್ನೇ ಕೇಳಿದರು.

ಅವರ ಬಗ್ಗೆ ನಾಲ್ಕು ಸಾಲು ಬರೆದು ಬ್ಯಾಂಕಿನ ಬಾಗಿಲಿಗೆ ಹಚ್ಚಬೇಕೆಂದು ಮ್ಯಾನೇಜರರು ಹೇಳಿದರು. ‘ಸೌಮ್ಯ ಸ್ವಭಾವದವರಿದ್ರು ಅಂತ ಬರೀರಿ’ ಎಂದರು. ಅವರು ಹೊಸಬರು, ಪಾಪ, ಅವರಿಗೇನು ಗೊತ್ತು! ಹಾಗೆ ಬರೆದರೆ ಅಕ್ಕೋರು ಸಮಾಧಿಯಿಂದ ಎದ್ದು ಬಂದು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿಯಾರು. ನನ್ನ ಹದಿನೈದಿಪ್ಪತ್ತು ವರ್ಷಗಳ ಕಾರಕೂನಿಕೆಯಲ್ಲಿ ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನು ಬರೆಯಬೇಕು ನಿಜ, ಆದರೆ ಸಿಟ್ಟು ಮುಂದಾಗಿ ಬಂದರೆ ನಾನೇನು ಮಾಡಲಿ?

ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಗೋಕಾಕದ ಹೆಣ್ಣುಮಕ್ಕಳ ಸಾಲೆಗೆ ಅವರು ಮುಖ್ಯ ಅಕ್ಕೋರು. ಅವರ ಮಟ್ಟಿಗೆ ಊರೆಲ್ಲ ಸಾಲೆಯೇ ಆಗಿತ್ತು. ನಮ್ಮ ಬಾಗಿಲಿನ ಹಲಗೆಯಲ್ಲಿ ‘ಬ್ಯಾಂಕು ಹತ್ತಕ್ಕೆ ತೆರೆಯುವುದು’ ಎಂದು ಬರೆದಿತ್ತು. ಆಗಿನ ಮ್ಯಾನೇಜರರು ಊಟ ಮುಗಿಸಿ, ಎಲೆ ಅಡಿಕೆ ಹಾಕಿ, ನಿಧಾನವಾಗಿ ಬರುವ ಪೈಕಿ. ಒಂದು ದಿನ ಅಕ್ಕೋರು ಮೆಟ್ಟಿಲ ಬುಡದಲ್ಲಿ ನಿಂತು ಅವರನ್ನು ತಡೆದು, ‘ತಡ ಯಾಕ ಆತು?’ ಎಂದು ಕೇಳಿದರು. ಐವತ್ತು ದಾಟಿದ ಆ ಮನುಷ್ಯ ‘ಮನ್ಯಾಗ ಬೀಗರು ಬಂದಿದ್ರು’ ಎಂದು ಹುಡುಗನ ಹಾಗೆ ಕಾರಣ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಾರನೆಯ ದಿನದಿಂದ ಸರಿಯಾದ ಹೊತ್ತಿಗೆ ಬರತೊಡಗಿದರು, ಮತ್ತು ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡರು.

ಅಕ್ಕೋರಿಗೂ ಬ್ಯಾಂಕಿಗೂ ಗಂಟು ಬಿದ್ದದ್ದು ಮುಷ್ಟಿಯಿಂದ. ಮೂಡಲಗಿ, ಮಮದಾಪುರದಂಥ ಊರುಗಳ ಹುಡುಗಿಯರಿಗೆ ತಮ್ಮೂರಲ್ಲಿ ನಾಲ್ಕನೆಯ ಇಯತ್ತೆಯ ಮುಂದೆ ದಾರಿ ಇರಲಿಲ್ಲ. ಮುಂದೆ ಕಲಿಯಬೇಕೆಂದರೆ ಗೋಕಾಕದಲ್ಲಿ ಉಳಿಯಬೇಕು. ಉಳಿಯಲು ಮನೆ ಇಲ್ಲದಿದ್ದರೆ ಮದುವೆ ಮಾಡಿ ಕಳಿಸುವುದೊಂದೇ. ಅದಕ್ಕಾಗಿ ಅಕ್ಕೋರು ಒಂದು ಬಾಡಿಗೆ ಮನೆಯಲ್ಲಿ ಹುಡುಗಿಯರನ್ನು ಇಟ್ಟುಕೊಂಡಿದ್ದರು. ಬಾಡಿಗೆ ಮನೆಯ ಮಾಲಕರು ವರ್ಷಕ್ಕೊಮ್ಮೆ ಬಿಡಿಸುತ್ತಿದ್ದರು. ಸ್ವಂತದ್ದೊಂದು ಮನೆ ಕೊಳ್ಳಬೇಕೆಂದು ಓಣಿ ಓಣಿ ತಿರುಗಿ ಮುಷ್ಟಿ ಎತ್ತಲು ಶುರು ಮಾಡಿದರು. ಹೆಂಗಸರು ಬೆಳಿಗ್ಗೆ ಬೀಸಲು ಕೂರುವ ಮುಂಚೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುವುದು, ವಾರಕ್ಕೊಮ್ಮೆ ಅದನ್ನೆಲ್ಲ ಕೂಡಿಸಿ ಸಂತೆಯಲ್ಲಿ ಮಾರುವುದು. ಶರಣರ ಮನೆಗಳಲ್ಲಿ ಅದಕ್ಕೆ ದಾಸೋಹವೆಂದೇ ಹೆಸರು. ಮುಸಲ್ಮಾನರ ಓಣಿಯ ಹುಸೇನಬಿಯೂ ಗಡಿಗೆ ಇಟ್ಟಿದ್ದಳು, ಗಾಣಿಗರ ಓಣಿಯ ಗುರವ್ವನೂ ಇಟ್ಟಿದ್ದಳು.

ಇದೇ ಕೆಲಸಕ್ಕೆ ಹಿಂದೊಮ್ಮೆ ಊರ ಹಿರಿಯರು ಮುಷ್ಟಿ ಎತ್ತಿಸಿದ್ದರು. ಬಂದ ಹಣವನ್ನು ತಮ್ಮ ಪರಿಚಯದ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿಟ್ಟರು. ಅಂಗಡಿ ಮುಳುಗಿತು. ಹಿರಿಯರು ‘ದೈವ’ ಎಂದು ಕೈ ಚೆಲ್ಲಿದರು. ಈಗ ಅದೇ ಹಿರಿಯರು, ‘ಯುಗಾದಿಯೊಳಗ ಒಂದು ಛಲೋ ಬ್ಯಾಂಕ್ ಆರಿಸ್ರಿ, ಇಲ್ಲಾಂದ್ರ ಫಂಡು ನಮ್ಮ ಕೈಯಾಗ ಕೊಡ್ರಿ’ ಎಂದು ಅಕ್ಕೋರಿಗೆ ತಾಕೀತು ಮಾಡಿದ್ದರು.

ಆಗ ಶುರುವಾಯಿತು ನನ್ನ ಗ್ರಹಚಾರ. ಗೋಕಾಕದ ಪೇಟೆಯಲ್ಲಿ ಹಣ ಇಡಲು ಜಾಗಕ್ಕೆ ಬರವಿರಲಿಲ್ಲ. ಅಂಚೆ ಕಚೇರಿ ಇತ್ತು. ಹೊಸದಾಗಿ ಬಂದ ಖಾಸಗಿ ಬ್ಯಾಂಕೊಂದಿತ್ತು, ಅದಕ್ಕೆ ಸಾಗವಾನಿ ಕೌಂಟರು, ಹಿತ್ತಾಳೆಯ ಸರಳು. ನಮ್ಮದೊಂದು ಸಹಕಾರಿ ಬ್ಯಾಂಕು, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಹತ್ತುವಾಗ ಕಿರುಗುಡುವ ಕಟ್ಟಿಗೆಯ ಮೆಟ್ಟಿಲು. ಮನುಷ್ಯರಾದವರು ಮೂರೂ ಕಡೆ ಬಡ್ಡಿ ಎಷ್ಟೆಂದು ಕೇಳಿ ಒಂದನ್ನು ಆರಿಸಿಕೊಳ್ಳುತ್ತಾರೆ. ಅಕ್ಕೋರು ಹಾಗಲ್ಲ. ಮೂರೂ ಕಡೆ ಸ್ವಲ್ಪ ಸ್ವಲ್ಪ ಹಣ ಇಟ್ಟು, ಪರೀಕ್ಷೆಗೆ ಕೂರಿಸಿದರು.

ನನ್ನ ಪರೀಕ್ಷೆ ನಡೆದದ್ದು ಹೀಗೆ.

‘ಇಲ್ಲಿ ರೊಕ್ಕ ಇಟ್ರ ಎಲ್ಲಿರತೈತಿ?’

‘ಬ್ಯಾಂಕಿನಾಗ ಇರತೈತ್ರಿ.’

‘ಬ್ಯಾಂಕಿನಾಗ ಎಲ್ಲಿ?’

‘ತಿಜೋರಿಯೊಳಗ್ರಿ.’

‘ಹಂಗಾದ್ರ ಬಡ್ಡಿ ಎಲ್ಲಿಂದ ಹುಟ್ಟತೈತಿ? ತಿಜೋರಿ ಈಯತೈತೇನು?’

ಹಿಂದೆ ನಿಂತ ಗುರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಗುರವ್ವ ಯಾಕೆ ಬಂದಿದ್ದಳೆಂದರೆ, ಅಕ್ಕೋರು ಒಬ್ಬರೇ ಬರುತ್ತಿರಲಿಲ್ಲ. ಹಿಡಿ ಹಾಕಿದವರು ತಮ್ಮ ಹಿಡಿ ಎಲ್ಲಿದೆಯೆಂದು ನೋಡಬೇಕು ಎಂಬುದು ಅವರ ನೇಮ. ಪ್ರತಿ ವಾರ ಒಂದೊಂದು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಮೇಜಿನ ಕೆಳಗೆ ಇಣುಕುವವರೇನು, ತಿಜೋರಿಗೆ ಕೈ ಮುಗಿಯುವವರೇನು! ಬ್ಯಾಂಕೆಂದರೆ ದೊಡ್ಡದೊಂದು ಮುಷ್ಟಿ ಗಡಿಗೆ, ಮುಚ್ಚಳ ತೆಗೆದರೆ ತಮ್ಮ ಹಿಡಿ ಕಾಣುತ್ತದೆ ಎಂದು ಅವರು ನಂಬಿದ್ದರು. ತಿಳಿಸಿ ಹೇಳಬೇಕಾದ ಅಕ್ಕೋರು ತಿಳಿಸಲಿಲ್ಲ. ತಾವೂ ಅವರ ಜತೆ ಸೇರಿ, ‘ತೋರಸ್ರಿ’ ಎಂದು ನನ್ನ ಮುಖ ನೋಡುತ್ತಿದ್ದರು.

ಅಂಚೆ ಮಾಸ್ತರರು ಜಾಣರು. ‘ನಿಮ್ಮ ರೊಕ್ಕ ಸರಕಾರ ಇಟ್ಕೋತೈತ್ರಿ, ಮುಂಬೈಯಾಗ’ ಎಂದು ಹೇಳಿ ಕೈ ತೊಳೆದುಕೊಂಡರು. ‘ಮುಂಬೈ ಯಾವಾಗ ನೋಡೂದ್ರಿ ನಾವು?’ ಎಂದು ಗುರವ್ವ ಅಳುಮೋರೆ ಮಾಡಿದಳಂತೆ. ಅಲ್ಲಿಗೆ ಅಂಚೆ ಕಚೇರಿ ನಪಾಸು. ಖಾಸಗಿ ಬ್ಯಾಂಕಿನವರು ಇನ್ನೂ ಜಾಣರು. ಹೆಂಗಸರನ್ನೆಲ್ಲ ಒಳಗೆ ಕರೆದು, ತಿಜೋರಿ ತೆರೆದು, ಚೀಲ ಚೀಲ ರೂಪಾಯಿ ತೋರಿಸಿ, ‘ಇದ ನೋಡ್ರಿ ನಿಮ್ಮ ರೊಕ್ಕ’ ಎಂದರಂತೆ. ಹೆಂಗಸರು ಕಣ್ತುಂಬ ನೋಡಿ ಬಂದರು. ಆ ಸುದ್ದಿ ಕೇಳಿ ನಾನು ಪೇಡೆ ತಂದು ಹಂಚಿದೆ. ಪೀಡೆ ಆ ಕಡೆ ಹೋಯಿತಲ್ಲ ಎಂಬ ಸಂತೋಷ.

ಹೋಗಲಿಲ್ಲ. ಯುಗಾದಿ ಹತ್ತಿರ ಬಂದಾಗ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಮ್ಯಾನೇಜರರು ಬೆಳಗಾವಿಗೆ ಹೋದ ದಿನ ನೋಡಿ, ಮೆಟ್ಟಿಲು ಕಿರುಗುಟ್ಟಿತು. ಮಾಳಿಗೆ ತುಂಬ ಹೆಂಗಸರು. ಛತ್ರಿ ಮೇಜಿನ ಮೇಲೆ ಬಿತ್ತು.

‘ನಮ್ಮ ರೊಕ್ಕ ತೋರಸ್ರಿ.’

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಎದ್ದು ನಿಂತು ಕೂಗಿದೆ. ‘ಇಲ್ಲಿ ಇಲ್ಲ್ರೀ! ನಿಮ್ಮ ರೊಕ್ಕ ಇಲ್ಲಿ ಇಲ್ಲ! ನೀವು ಇಟ್ಟ ಮರುದಿನಾನ ಸಾಲಾಗಿ ಹೊರಗ ಹೋಗೇತಿ. ಅಷ್ಟು ಅಳ್ಳಿ ಪೇಟ್ಯಾಗ ಐತಿ, ಅಷ್ಟು ಮೂಡಲಗಿ ಬೆಲ್ಲದಾಗ ಐತಿ, ಅಷ್ಟು ಮಮದಾಪುರದಾಗ ಯಾವನೋ ಬಾವಿ ತೋಡಾಕತ್ತಾನ, ಅದರಾಗ ಐತಿ. ತಿಜೋರಿಯೊಳಗ ಇರೂದು ದಿನಾ ಕೊಡಾಕ ಬೇಕಾದಷ್ಟ. ನೋಡಬೇಕಂದ್ರ ಊರೂರು ತಿರಗ್ರಿ!’

ಹೆಂಗಸರು ಎದೆಯ ಮೇಲೆ ಕೈ ಇಟ್ಟುಕೊಂಡು ಅಕ್ಕೋರ ಮುಖ ನೋಡಿದರು. ಬ್ಯಾಂಕಿನ ಕಾರಕೂನನೇ ಹಣ ಇಲ್ಲವೆಂದು ಕೂಗಿದರೆ ಏನಾಗುತ್ತದೆಂದು ನನಗೆ ಕೂಗಿದ ಮೇಲೆ ಹೊಳೆಯಿತು. ನೌಕರಿ ಹೋಯಿತೆಂದೇ ಅಂದುಕೊಂಡೆ. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

‘ಆ ಬ್ಯಾಂಕಿನವ್ರು ತಿಜೋರಿ ತಗದು ಇದ ನಿಮ್ಮ ರೊಕ್ಕ ಅಂದ್ರು. ನಮ್ಮ ರೊಕ್ಕ ಅಲ್ಲೇ ಕುಂತಿದ್ರ ಬಡ್ಡಿ ಎಲ್ಲಿಂದ ಕೊಡ್ತಾರ? ಖರೆ ಹೇಳಿದವ್ರು ನೀವೊಬ್ರ’ ಎಂದರು. ಹೆಂಗಸರ ಕಡೆ ತಿರುಗಿ, ‘ಇಲ್ಲೇ ಇಡೂಣು’ ಎಂದರು. ಆಮೇಲೆ ಛತ್ರಿ ಎತ್ತಿಕೊಂಡು, ‘ಊರೂರು ತಿರಗ್ರಿ ಅಂದ್ರೆಲ್ಲ, ತಿರಗ್ತೇವಿ’ ಎಂದರು.

ತಿಜೋರಿ ತೋರಿಸಿದ ಆ ಖಾಸಗಿ ಬ್ಯಾಂಕು ಮುಂದೆ ಮುಳುಗಿತೆಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತೇನೋ. ಮುಳುಗಲಿಲ್ಲ. ಇವತ್ತಿಗೂ ನಡೆದಿದೆ, ನಮಗಿಂತ ಚೆನ್ನಾಗಿ ನಡೆದಿದೆ, ಅಲ್ಲಿಯ ಕಾರಕೂನರಿಗೆ ನನಗಿಂತ ಹೆಚ್ಚು ಪಗಾರ. ಅವರ ಮೇಜಿನ ಮೇಲೆ ಯಾರೂ ಛತ್ರಿ ಇಡುವುದಿಲ್ಲ.

ತಿರುಗುತ್ತೇವೆ ಎಂದದ್ದು ಮಾತಿಗೆ ಅಂದದ್ದೆಂದು ನಾನು ತಿಳಿದಿದ್ದೆ. ಸಿಟ್ಟಿನಲ್ಲಿ ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೆ ಗೋಕಾಕದಂಥ ಊರಲ್ಲಿ ಅಳ್ಳಿ ಎಂದರೆ ಯಾರು, ಮೂಡಲಗಿಯ ಬೆಲ್ಲ ಎಂದರೆ ಯಾರು ಎಂಬುದು ಬೀದಿಗೆಲ್ಲ ಗೊತ್ತು. ಆ ವಾರವೇ ಅಕ್ಕೋರು ಹೆಂಗಸರ ಜತೆ ಅಳ್ಳಿ ಪೇಟೆಯಲ್ಲಿ ಅರಳೆ ವ್ಯಾಪಾರ ಮಾಡುವ ಸಾಹೇಬರ ವಖಾರಿಯ ಮುಂದೆ ನಿಂತರು. ‘ನಮ್ಮ ರೊಕ್ಕ ನಿಮ್ಮ ಕಡೆ ಐತೆಂತ್ರಿ, ಆರಾಮ ಐತೇನು ನೋಡಿ ಹೋಗೋಣಂತ ಬಂದೇವಿ’ ಎಂದಳಂತೆ ಗುರವ್ವ, ತವರಿನಿಂದ ಮಗಳನ್ನು ನೋಡಲು ಬಂದವಳ ಹಾಗೆ.

ಸಾಹೇಬರು ದೊಡ್ಡ ಮನುಷ್ಯರು. ಜಮಖಾನೆ ಹಾಸಿಸಿ ಕೂರಿಸಿದರು. ಅರಳೆಯ ಅಂಡಿಗೆಗಳ ಮೇಲೆ ಕೈ ಇಟ್ಟು, ‘ನೋಡ್ರಿ ಅಕ್ಕೋರ, ನಿಮ್ಮ ಹಿಡಿ ಜ್ವಾಳ ಈಗ ಅಳ್ಳಿ ಆಗೇತಿ. ಇದನ್ನ ಮಾರಿದ ಮ್ಯಾಲೆ ಮತ್ತ ರೊಕ್ಕ ಆಗಿ ಬ್ಯಾಂಕಿಗೆ ಹೋಗತೈತಿ’ ಎಂದರು. ಒಬ್ಬೊಬ್ಬರ ಕೈಗೂ ಒಂದೊಂದು ಕರದಂಟು ಕೊಟ್ಟು ಕಳಿಸಿದರು. ಹೆಂಗಸರು ಬ್ಯಾಂಕಿಗೆ ಬಂದು, ಅಲ್ಲಿ ನಮ್ಮ ಹಣ ಚೆನ್ನಾಗಿದೆ, ಇನ್ನಷ್ಟು ಅಲ್ಲಿಗೇ ಕಳಿಸಿರಿ ಎಂದು ನನಗೆ ಅಪ್ಪಣೆ ಮಾಡಿದರು.

ಮೂಡಲಗಿಯ ಬೆಲ್ಲದ ಸಾವಕಾರ ಮಾತ್ರ ಉರಿದುಬಿದ್ದ. ‘ನಾ ಸಾಲ ಮಾಡೇನಿ ಅಂತ ನಿಮಗ ಹೇಳಿದವ್ರು ಯಾರು?’ ಎಂದು ಸಂತೆ ಕೇಳುವಂತೆ ಕೂಗಿ, ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಗೊತ್ತು ಮಾಡಿದ. ಮಾರನೆಯ ದಿನ ಬ್ಯಾಂಕಿಗೆ ಬಂದು ಮ್ಯಾನೇಜರರ ಬೆವರಿಳಿಸಿದ. ಅವರು ನನ್ನ ನೀರಿಳಿಸಿದರು. ‘ಹೋಗು, ಆ ಅಕ್ಕೋರಿಗೆ ಕೈ ಮುಗದು ಹೇಳು, ಸಾಲಗಾರರ ಅಂಗಡಿ ಮೆಟ್ಟಲು ಹತ್ತಬ್ಯಾಡಂತ. ಇಲ್ಲಾಂದ್ರ ನೀನು ನಾಳೆ ಬರಬ್ಯಾಡ.’

ಸಾಲೆಗೆ ಹೋದೆ. ಅಕ್ಕೋರು ಪಾಠದಲ್ಲಿದ್ದರು. ನನ್ನನ್ನು ಹಿಂದಿನ ಮಣೆಯ ಮೇಲೆ ಕೂರಿಸಿ ಪಾಠ ಮುಂದುವರಿಸಿದರು. ಹುಡುಗಿಯರು ತಿರುತಿರುಗಿ ನನ್ನನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಗಂಟೆ ಬಾರಿಸಿ ಎಲ್ಲರೂ ಹೋದ ಮೇಲೆ ನಾನು ಉರು ಹೊಡೆದು ತಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಹಲಗೆ ಒರೆಸುತ್ತ ಕೇಳಿದರು.

‘ನೋಡ್ರಿ ಕಾರಕೂನರ, ಗುರವ್ವ ಬೀಸಾಕ ಕುಂದ್ರೂ ಮುಂದ ಹಿಡಿ ತಗದು ಹಾಕತಾಳಲ್ಲ, ಅದು ಗಂಡನ ತಾಟಿನ ರೊಟ್ಟಿ ಅಲ್ಲ, ಮಕ್ಕಳ ತಾಟಿಂದೂ ಅಲ್ಲ. ಅಕಿನ ತಾಟಿಂದು. ಒಮ್ಮೆ ಹಿರ್ಯಾರು ಅದನ್ನ ಮುಳುಗಿಸಿದ್ರು. ಇನ್ನೊಮ್ಮೆ ಮುಳುಗಿದ್ರ ಅಕಿ ನನಗ ಒಂದು ಮಾತೂ ಅನ್ನೂದಿಲ್ಲ. ಸುಮ್ನ ಗಡಿಗಿ ಬೋರಲ ಹಾಕತಾಳ. ಈ ಹುಡುಗ್ಯಾರ ಸಾಲಿ ಅಲ್ಲಿಗೆ ಮುಗೀತು. ನಾ ನೋಡಬಾರದೇನು, ಎಲ್ಲೈತಿ ಅಂತ?’

‘ನೋಡ್ರಿ, ಬ್ಯಾಡ ಅನ್ನೂದಿಲ್ಲ. ಕೇಳಬ್ಯಾಡ್ರಿ’ ಎಂದು ಹೇಳಿ ಎದ್ದೆ. ‘ಆತು. ಕೇಳೂದಿಲ್ಲ’ ಎಂದರು ಅಕ್ಕೋರು. ಅದು ಇನ್ನೂ ಕೆಟ್ಟದ್ದಾಯಿತು. ಅಂದಿನಿಂದ ಹೆಂಗಸರು ಯಾರ ಅಂಗಡಿಯನ್ನೂ ಹತ್ತಲಿಲ್ಲ. ನೀರಿಗೆ ಹೋಗುವಾಗ, ಸಂತೆಗೆ ಹೋಗುವಾಗ ಸಾಲಗಾರರ ಅಂಗಡಿಯ ಎದುರು ಒಂದು ಗಳಿಗೆ ನಿಂತು, ಒಳಗೆಲ್ಲ ಕಣ್ಣಾಡಿಸಿ, ಮಾತಾಡದೆ ಮುಂದೆ ಹೋಗತೊಡಗಿದರು. ಅದಕ್ಕಿಂತ ಬೈಯುವುದೇ ವಾಸಿಯೆಂದು ಒಬ್ಬ ವ್ಯಾಪಾರಿ ನನ್ನ ಮುಂದೆ ಗೋಳಾಡಿದ.

ಹೀಗೆ ನನ್ನ ಜೀವ ಹಿಂಡುತ್ತಲೇ ಫಂಡು ಬೆಳೆಯಿತು. ಯುದ್ಧ ಬಂತು. ಎಲ್ಲವೂ ತುಟ್ಟಿಯಾಯಿತು, ಆದರೂ ಗಡಿಗೆಗಳು ತುಂಬುತ್ತಿದ್ದವು. ಒಂದು ಮಳೆಗಾಲ ಕಳೆದ ಮೇಲೆ ಸಾಲೆಯ ಹಿಂದಿನ ಓಣಿಯಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ಬಾವಿ ಇತ್ತು, ಪಡಸಾಲೆ ಇತ್ತು, ಸುತ್ತ ಗೋಡೆ ಇತ್ತು. ಅದೇ ಹೊತ್ತಿಗೆ ಬಾಡಿಗೆ ಮನೆಯವರು, ದೀಪಾವಳಿಗೆ ಬಿಡಿ ಎಂದಿದ್ದರು. ಮಾರುವವರು ಮಗನಿದ್ದಲ್ಲಿಗೆ ಕೊಲ್ಲಾಪುರಕ್ಕೆ ಹೊರಟವರು, ದೀಪಾವಳಿಯೊಳಗೆ ಪೂರ್ತಿ ಹಣ ಬೇಕು, ಇಲ್ಲದಿದ್ದರೆ ಸಂಕೇಶ್ವರದ ವ್ಯಾಪಾರಿಯೊಬ್ಬ ತುದಿಗಾಲಲ್ಲಿ ನಿಂತಿದ್ದಾನೆ ಎಂದರು. ಅಕ್ಕೋರು ಮುಂಗಡದ ಸಂಚಕಾರ ಕೊಟ್ಟು ಬ್ಯಾಂಕಿಗೆ ಬಂದರು.

ಬ್ಯಾಂಕಿನಲ್ಲಿ ಅಷ್ಟು ಹಣ ಇರಲಿಲ್ಲ. ಮೂಡಲಗಿಯ ಬೆಲ್ಲದ ಸಾವಕಾರ ಅವಧಿ ಮುಗಿದರೂ ಕಟ್ಟಿರಲಿಲ್ಲ. ಅವನು ಬಡವನಾಗಿರಲಿಲ್ಲ, ಬೆಲ್ಲದ ದರ ಏರುತ್ತಿತ್ತು, ಇನ್ನೂ ಏರಲೆಂದು ಕಾಯುತ್ತಿದ್ದ. ನೋಟೀಸು ಕೊಟ್ಟರೆ ಉತ್ತರವಿಲ್ಲ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಮ್ಯಾನೇಜರರು ಕೈ ಹೊಸೆದುಕೊಂಡು, ‘ದೀಪಾವಳಿ ಆಗೂತನಾ ತಡೀರಿ ಅಕ್ಕೋರ, ಆಮ್ಯಾಲೆ ಪೂರ್ತಿ ಕೊಡ್ತೇವಿ’ ಎಂದರು.

‘ಆಮ್ಯಾಲೆ ಮನಿ ಇರೂದಿಲ್ರಿ. ನಮ್ಮ ರೊಕ್ಕ ಎಲ್ಲೈತಿ?’

ಮ್ಯಾನೇಜರರು ಮಾಳಿಗೆಯ ತೊಲೆಗಳನ್ನು ನೋಡಿದರು. ಅಕ್ಕೋರು ನನ್ನ ಕಡೆ ತಿರುಗಿದರು. ಅವರ ಮುಖ ಆ ದಿನ ಮೊದಲ ಸಲ ಸೋತಂತೆ ಕಂಡಿತು. ಹುಡುಗಿಯರನ್ನು ಅವರವರ ಊರಿಗೆ ಕಳಿಸಬೇಕಾದೀತೆಂಬುದು ಆ ಮುಖದಲ್ಲಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

‘ಮೂಡಲಗ್ಯಾಗ ಐತ್ರಿ’ ಎಂದೆ.

‘ಹಂಗಾದ್ರ ನೋಡಿ ಬರೂಣು ನಡೀರಿ.’

ಮೂಡಲಗಿಯ ಸಂತೆಯ ದಿನ ಹೊರಟೆವು. ಬ್ಯಾಂಕಿನ ಹೆಸರು ತೆಗೆಯಕೂಡದೆಂದು ಹೇಳಿ ಮ್ಯಾನೇಜರರು ನನ್ನನ್ನು ಕಳಿಸಿದ್ದರು. ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಮೋಟಾರು. ಸಣ್ಣ ಏರು ಬಂದರೆ ಸಾಕು, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಗಂಡಸರು ಇಳಿದು ನೂಕಬೇಕು. ಹೆಂಗಸರು ತಮ್ಮ ತಮ್ಮ ಮುಷ್ಟಿಯ ಗಡಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಖಾಲಿ ಗಡಿಗೆ ಯಾಕೆ ತಂದಿರಿ ಎಂದು ಕೇಳಿದ್ದಕ್ಕೆ ಗುರವ್ವ, ‘ರೊಕ್ಕ ಎದರಾಗ ತರೂದ್ರಿ ಮತ್ತ?’ ಎಂದಳು. ನಾನು ಹಣೆ ಬಡಿದುಕೊಂಡು ಮೋಟಾರು ನೂಕಲು ಹೋದೆ. ಅಕ್ಕೋರು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಎಲ್ಲಾರೂ ಕೂಡೆ ನೂಕ್ರಿ, ಒಬ್ಬೊಬ್ರ ಅಲ್ಲ’ ಎಂದು ಹೇಳಿಕೊಡುತ್ತಿದ್ದರು.

ಮೂಡಲಗಿಯಲ್ಲಿ ನಾನು ಎದುರಿನ ಚಹಾದ ಅಂಗಡಿಗೆ ಹೋಗಿ, ಇವರಾರೋ ನನಗೆ ಗೊತ್ತಿಲ್ಲವೆಂಬಂತೆ ಕಂಬದ ಮರೆಗೆ ಕೂತೆ. ಅಕ್ಕೋರೂ ಹೆಂಗಸರೂ ಬೆಲ್ಲದ ಸಾವಕಾರನ ಕಟ್ಟೆಯ ಮೇಲೆ ಸಾಲಾಗಿ ಕೂತರು. ಒಬ್ಬೊಬ್ಬರ ಮುಂದೆಯೂ ಒಂದು ಗಡಿಗೆ.

‘ಏನ್ರಿ ಇದು? ಏಳ್ರಿ!’ ಎಂದ ಸಾವಕಾರ.

‘ನೋಡಾಕ ಬಂದೇವಿ.’

‘ನೋಡಿದ್ರೆಲ್ಲ, ಹೋಗ್ರಿ.’

‘ಇನ್ನೂ ಕಂಡಿಲ್ಲ’ ಎಂದರು ಅಕ್ಕೋರು. ಅಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ. ಬೆಲ್ಲ ಕೊಳ್ಳಲು ಬಂದವರು ಹೆಂಗಸರನ್ನು ದಾಟಿ ಹೋಗಲು ಹಿಂಜರಿದು ಕೆಳಗೇ ನಿಂತರು. ನೋಡುವವರು ಕೂಡಿದರು. ಸಾವಕಾರನ ಮುಖ ಕೆಂಪಗಾಗಿತ್ತು. ಆಳುಗಳನ್ನು ಕರೆದು ಎಬ್ಬಿಸಿಯಾನೆಂದು ನನಗೆ ದಿಗಿಲಾಯಿತು. ಚಹಾ ಆರಿ ತಣ್ಣಗಾಯಿತು.

ಅಂಗಡಿಯ ಹಿಂದೆಯೇ ಮನೆ. ಗದ್ದಲ ಕೇಳಿ ಸಾವಕಾರನ ತಾಯಿ ಹೊರಗೆ ಬಂದಳು. ತೀರ ವಯಸ್ಸಾದವಳು, ಕಣ್ಣು ಮಂಜು. ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಕಟ್ಟೆಯ ಮೇಲೆ ಹೆಂಗಸರು, ಮುಂದೆ ಬರಿದಾದ ಗಡಿಗೆ.

‘ಮುಷ್ಟಿಗೆ ಬಂದಾರೇನ? ಒಳಗ ಒಂದು ಮಾತು ಹೇಳಬಾರದೇನೋ ತಮ್ಮಾ!’ ಎಂದು ಮಗನನ್ನು ಗದರಿಸಿ ಒಳಗೆ ಹೋದಳು. ಮೊರದ ತುಂಬ ಜೋಳ ತಂದಳು. ಒಂದೊಂದೇ ಗಡಿಗೆಯ ಮುಂದೆ ಬಾಗಿ, ಹಿಡಿ ತುಂಬಿ ಹಾಕುತ್ತ ಬಂದಳು. ಅಕ್ಕೋರ ಮುಂದೆ ನಿಂತು, ‘ಯಾ ಊರವ್ವಾ? ಎದಕ್ಕ ಎತ್ತೀರಿ?’ ಎಂದು ಕೇಳಿದಳು.

‘ಗೋಕಾಕ ಯವ್ವಾ. ಹೆಣ್ಣುಹುಡುಗ್ಯಾರು ಸಾಲಿ ಕಲ್ಯಾಕ ಇರೂ ಮನಿಗೆ.’

‘ಛಲೋ ಆತು. ನಮ್ಮ ಮನ್ಯಾಗೂ ಒಂದು ಗಡಿಗಿ ಇಡ್ತೇನಿ’ ಎಂದಳು ಮುದುಕಿ. ಆಮೇಲೆ ಮಗನ ಕಡೆ ತಿರುಗಿ, ‘ನೀನೂ ಏನರ ಹಾಕಪಾ, ಬರೇ ನಿಂತು ನೋಡ್ತೀಯಲ್ಲ’ ಎಂದಳು.

ಸಾವಕಾರ ಅಕ್ಕೋರ ಮುಖ ನೋಡಿದ. ಈಗ ಎಲ್ಲವನ್ನೂ ತಾಯಿಯ ಮುಂದೆ ಹೇಳಿಯೇ ಹೇಳುತ್ತಾರೆ ಎಂದು ಅವನು ಕಾದಿದ್ದು ನನಗೆ ರಸ್ತೆಯ ಈ ಕಡೆಯಿಂದಲೂ ಕಂಡಿತು. ಬಾಯಿಬಿಟ್ಟಿದ್ದರೆ ಸಾಕಿತ್ತು. ಊರೂರಲ್ಲಿ ಬಾಯಿಗೆ ಬೀಗ ಹಾಕದ ಆ ಹೆಂಗಸು ಆಗ ಮಾತ್ರ ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ತಮ್ಮ ಗಡಿಗೆಯಲ್ಲಿ ಬಿದ್ದ ಜೋಳವನ್ನು ನೋಡುತ್ತ ಕೂತರು. ಸಾವಕಾರ ಒಳಗೆ ಹೋದ. ಸಂತೆ ಮುಗಿಯುವ ಮುಂಚೆ ಆಳು ಬಂದು ನನ್ನನ್ನು ಕರೆದ. ‘ಕಂಬದ ಹಿಂದ ಕುಂತ ಬ್ಯಾಂಕಿನವ್ರನ್ನ ಕರಕೊಂಡು ಬಾ ಅಂದಾರ್ರಿ’ ಎಂದ. ಅಷ್ಟು ಹೊತ್ತು ನಾನು ಅಡಗಿದ್ದು ದಂಡವಾಗಿತ್ತು. ಸಾವಕಾರ ಪೂರ್ತಿ ಹಣ ಕಟ್ಟಿದ.

ಮರಳುವಾಗ ಏನಾದರೂ ಹೇಳಬೇಕೆಂದು ಅಕ್ಕೋರ ಹತ್ತಿರ ಹೋದೆ. ಅವರು, ‘ಪಾವತಿ ಚೀಟಿ ಬರದು ಕೊಟ್ರಿಲ್ಲೋ?’ ಎಂದು ಕೇಳಿದರು. ಕೊಟ್ಟೆ ಎಂದೆ. ‘ಅಕ್ಷರ ನೆಟ್ಟಗ ಬರದ್ರ?’ ಎಂದರು. ಅಷ್ಟರಲ್ಲಿ ಮೋಟಾರು ನಿಂತಿತು, ನಾನು ನೂಕಲು ಇಳಿದೆ.

ದೀಪಾವಳಿಗೆ ಹುಡುಗಿಯರು ಹೊಸ ಮನೆಗೆ ಬಂದರು. ಗುರವ್ವ ಕೋಣೆ ಕೋಣೆ ಸುತ್ತಿ ಗೋಡೆಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ‘ಇಷ್ಟು ನಂದು, ಇಷ್ಟು ಹುಸೇನಬಿದು’ ಎಂದು ಬಾಗಿಲ ಹತ್ತಿರದ ಗೋಡೆಯನ್ನು ಗೇಣು ಹಾಕಿ ತೋರಿಸಿದಳು. ಅಕ್ಕೋರು ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇನ್ನು ಪೀಡೆ ತಪ್ಪಿತು ಎಂದುಕೊಂಡರೆ, ಹುಡುಗಿಯರ ಊಟದ ಖರ್ಚಿಗೆಂದು ಮುಷ್ಟಿ ಮುಂದುವರಿಯಿತು. ಛತ್ರಿಯೂ ಮುಂದುವರಿಯಿತು. ಕೆಲಸದಿಂದ ನಿವೃತ್ತರಾಗಿ ಹುಕ್ಕೇರಿಗೆ ಹೋಗುವ ದಿನವೂ ಮೆಟ್ಟಿಲು ಹತ್ತಿ ಬಂದರು. ವಿದಾಯದ ಮಾತು ಆಡುತ್ತಾರೇನೋ, ತೊಂದರೆ ಕೊಟ್ಟೆ ಎನ್ನುತ್ತಾರೇನೋ ಎಂದು ಕಾದೆ. ‘ಈಗ ಎಲ್ಲೈತಿ?’ ಎಂದರು. ಎಲ್ಲೆಲ್ಲಿದೆಯೆಂದು ಹೇಳಿದೆ. ತಲೆಯಾಡಿಸಿ ಕೇಳಿ, ಛತ್ರಿ ಎತ್ತಿಕೊಂಡು ಇಳಿದು ಹೋದರು. ಆಮೇಲೆ ಬಹಳ ದಿನ ನನ್ನ ಮೇಜು ಅಗಲವಾಗಿ ಕಂಡಿತು.

ಬಾಗಿಲಿಗೆ ಹಚ್ಚಬೇಕಾದ ನಾಲ್ಕು ಸಾಲು ಇನ್ನೂ ಬರೆದಿಲ್ಲ. ನಿನ್ನೆ ಅದನ್ನೇ ಬರೆಯಲು ಕೂತಿದ್ದೆ. ಅವರ ಜಾಗಕ್ಕೆ ಈಚೆಗೆ ಬಂದ ಹೊಸ ಅಕ್ಕೋರು ಮೊದಲ ಸಲ ವಾರದ ಮುಷ್ಟಿಯ ಹಣ ತಂದರು. ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತು. ಮೇಜಿನ ಮೇಲೆ ಏನನ್ನೂ ಇಡಲಿಲ್ಲ. ಹಣ ಕೊಟ್ಟರು, ನಾನು ತೋರಿಸಿದಲ್ಲಿ ಸಹಿ ಮಾಡಿದರು, ಪಾವತಿಯನ್ನು ಓದದೆ ಮಡಚಿಕೊಂಡರು, ನಮಸ್ಕಾರ ಮಾಡಿ ಹೊರಟರು. ಇಂಥ ಗಿರಾಕಿಗಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ!

ಅವರು ಮೆಟ್ಟಿಲ ಹತ್ತಿರ ಹೋಗಿದ್ದರು. ನನಗೇ ತಿಳಿಯದಂತೆ ಎದ್ದು ನಿಂತಿದ್ದೆ.

‘ಹಂಗ ಹೊಂಟ್ರೇನು?’ ಎಂದು ಕೂಗಿದೆ. ‘ಏನೂ ಕೇಳೂದಿಲ್ಲೇನು? ಹೆಣ್ಣುಮಕ್ಕಳ ತಾಟಿನ ರೊಟ್ಟಿ ಅದು! ತಂದು ನನ್ನ ಕೈಯಾಗ ಕೊಟ್ಟು ಸುಮ್ನ ಹೊಂಟ್ರೆಲ್ಲ? ಕೇಳ್ರಿ!’

ಮ್ಯಾನೇಜರರು ಒಳಗಿನಿಂದ ಓಡಿ ಬಂದರು. ಆ ಹುಡುಗಿ ಹೆದರಿ ಗೋಡೆಗೆ ಒರಗಿ ನಿಂತಿದ್ದರು.

‘ಏನು ಕೇಳಬೇಕ್ರಿ?’ ಎಂದರು, ಅಳುವ ದನಿಯಲ್ಲಿ.

‘ಎಲ್ಲೈತಿ ಅಂತ ಕೇಳ್ರಿ.’

‘ಎಲ್ಲೈತ್ರಿ?’

‘ಇಲ್ಲಿ ಇಲ್ಲ್ರಿ ಅಕ್ಕೋರ’ ಎಂದು ನಾನು ಕೋಟು ಹಾಕಿಕೊಂಡೆ. ‘ಬರ್ರಿ, ತೋರಸ್ತೇನಿ.’